ಮೇಷ್ಟ್ರಿಗೆ ಮನೆ ಕೊಡುವ ಊರು ಬರೆಯುವವರಿಗೂ ಕೊಡಲಿ

ಶಿರಾ ಕಡೆಯಿಂದ ಮಡಕಶಿರಾ ಸೀಮೆಗೆ ಹೋಗುವವರಿಗೆ ರಾಜ್ಯದ ಗಡಿ ದಾಟಿದ್ದು ಜನರ ಮಾತಿನಿಂದ ತಿಳಿಯುವುದಿಲ್ಲ, ಅಂಗಡಿಗಳ ಬೋರ್ಡು ನೋಡಿದರೆ ತಿಳಿಯುತ್ತದೆ. ಅಗಳಿ, ರೊಳ್ಳ, ಗುಡಿಬಂಡೆ, ಅಮರಾಪುರ ಮಂಡಲಗಳು ಆಂಧ್ರಪ್ರದೇಶಕ್ಕೆ ಸೇರಿವೆ. ಮೊನ್ನೆಮೊನ್ನೆಯವರೆಗೆ ಅನಂತಪುರ ಜಿಲ್ಲೆಯಲ್ಲಿದ್ದ ಇವು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿವೆ. ಜಿಲ್ಲೆಯ ಹೆಸರು ಬದಲಾದರೂ ಮನೆಯೊಳಗಿನ ಮಾತು ಬದಲಾಗಿಲ್ಲ. ಇಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ನೊಳಂಬರು ಆಳಿದ ಹೇಮಾವತಿ ಇಲ್ಲೇ ಇದೆ, ಅದರ ಕಲ್ಲುಗಳ ಮೇಲೆ ಕನ್ನಡ ಅಕ್ಷರಗಳಿವೆ.

ಗಡಿಯ ಈಚೆ ಶಿರಾ, ಮಧುಗಿರಿ, ಪಾವಗಡ ತಾಲ್ಲೂಕುಗಳ ಹಳ್ಳಿಗಳಲ್ಲಿ ನಾಟಕ ಆಡುವ ಕ್ರಮವೊಂದಿದೆ. ಆಚೆಯ ಕನ್ನಡ ಊರುಗಳಿಗೂ ಅದು ಹೊಸದಲ್ಲ. ‘ಕುರುಕ್ಷೇತ್ರ’ ಆಡಬೇಕೆಂದು ಊರು ಮಾತಾಡಿಕೊಂಡ ಮೇಲೆ ಮೊದಲು ಹುಡುಕುವುದು ಹಾರ್ಮೋನಿಯಂ ಬಲ್ಲ ಡ್ರಾಮಾ ಮೇಷ್ಟ್ರನ್ನು. ಅವರು ಬಂದು ಊರಲ್ಲೇ ಉಳಿಯುತ್ತಾರೆ. ಅವರ ಊಟ, ಮಲಗುವ ಜಾಗ, ಸಂಭಾವನೆ ಎಲ್ಲವೂ ಊರಿನ ಹೊಣೆ. ಹೊಲದ ಕೆಲಸ ಮುಗಿಸಿ ಬಂದವರಿಗೆ ರಾತ್ರಿ ತಾಲೀಮು. ದುರ್ಯೋಧನನ ಪಾತ್ರ ಬೇಕೆಂದವರು ಹೆಚ್ಚು ಹಣ ಹಾಕುತ್ತಾರೆ, ದೂತನಾಗುವವರು ಕಡಿಮೆ ಹಾಕುತ್ತಾರೆ. ಕಂದ, ವೃತ್ತಗಳು ಬಾಯಿಗೆ ಹತ್ತಿ, ಸೀನರಿಯವರು ಬಂದು ಪರದೆ ಕಟ್ಟಿದ ರಾತ್ರಿ ಬೆಳಗಿನವರೆಗೆ ಆಟ ನಡೆಯುತ್ತದೆ.

ಕಲಿಸುವವರನ್ನು ತಿಂಗಳುಗಟ್ಟಲೆ ಮನೆಯಲ್ಲಿಟ್ಟುಕೊಂಡು ಅನ್ನ ಹಾಕುವುದು ಈ ಊರುಗಳಿಗೆ ಗೊತ್ತು. ಬರೆಯುವವರನ್ನು ಹಾಗೆ ಇಟ್ಟುಕೊಳ್ಳುವ ವಾಡಿಕೆ ಮಾತ್ರ ಇಲ್ಲ. ಹಾಗಾಗಿಯೇ ವರ್ಷ ವರ್ಷವೂ ಆಡುವ ನಾಟಕ ಹಳೆಯದೇ ಆಗಿರುತ್ತದೆ. ಹಳೆಯ ನಾಟಕಗಳ ಮೇಲೆ ಇಲ್ಲಿ ಯಾರ ದೂರೂ ಇಲ್ಲ. ಆದರೆ ಆ ಹಳೆಯ ನಾಟಕಗಳು ಹುಟ್ಟಿದ್ದೇ ನಾಟಕಕಾರನನ್ನು ಕರೆತಂದು, ಇರಿಸಿಕೊಂಡು, ಬರೆಸಿಕೊಂಡ ಕಂಪನಿಗಳಿಂದ ಎಂಬುದನ್ನು ನೆನಪಿಗೆ ತಂದುಕೊಳ್ಳಬೇಕಾಗಿದೆ.

ಜಗತ್ತಿನ ರಂಗತಂಡಗಳು ಇಂದು ಇದನ್ನು ರೆಸಿಡೆನ್ಸಿ ಎನ್ನುತ್ತವೆ. ತಂಡವೊಂದು ನಾಟಕಕಾರರೊಬ್ಬರನ್ನು ಕೆಲವು ವಾರ ಅಥವಾ ತಿಂಗಳ ಮಟ್ಟಿಗೆ ತನ್ನ ಬಳಿ ಇರಿಸಿಕೊಳ್ಳುತ್ತದೆ. ಕೋಣೆ, ಊಟ, ಸಂಭಾವನೆ ಕೊಡುತ್ತದೆ. ಇಷ್ಟನ್ನು ಯಾವ ಅತಿಥಿಗೃಹವೂ ಕೊಡಬಲ್ಲದು. ರಂಗತಂಡ ಮಾತ್ರ ಕೊಡಬಲ್ಲದ್ದು ನಟರನ್ನು. ಬೆಳಿಗ್ಗೆ ಬರೆದ ದೃಶ್ಯವನ್ನು ಸಂಜೆ ಐದಾರು ಮಂದಿ ಕೂತು ಗಟ್ಟಿಯಾಗಿ ಓದುತ್ತಾರೆ. ಎಲ್ಲಿ ಮಾತು ನಾಲಿಗೆಗೆ ತೊಡರಿತು, ಎಲ್ಲಿ ಪಾತ್ರ ಸುಮ್ಮನೆ ನಿಂತಿತು, ಎಲ್ಲಿ ಕೇಳುವವರ ಗಮನ ಜಾರಿತು ಎಂಬುದು ಬರೆದವರಿಗೆ ಆ ಕ್ಷಣವೇ ತಿಳಿಯುತ್ತದೆ. ರಾತ್ರಿ ತಿದ್ದಿ, ಮರುದಿನ ಮತ್ತೆ ಓದಿಸುತ್ತಾರೆ. ಕೊನೆಗೆ ಪರದೆ, ಪೋಷಾಕು ಏನೂ ಇಲ್ಲದೆ, ನಟರು ಕೈಯಲ್ಲಿ ಹಸ್ತಪ್ರತಿ ಹಿಡಿದೇ ಪ್ರೇಕ್ಷಕರೆದುರು ಓದುತ್ತಾರೆ. ನಾಟಕ ಆಮೇಲೆ ರಂಗಕ್ಕೆ ಹೋಗಬಹುದು, ಹೋಗದೆಯೂ ಇರಬಹುದು.

ಅಮೆರಿಕದ ಕನೆಕ್ಟಿಕಟ್ ರಾಜ್ಯದ ವಾಟರ್‌ಫೋರ್ಡ್‌ನಲ್ಲಿ 1964ರಲ್ಲಿ ಶುರುವಾದ ಯೂಜೀನ್ ಓನೀಲ್ ರಂಗಕೇಂದ್ರ ಈ ಕ್ರಮಕ್ಕೆ ಒಂದು ಶಿಸ್ತು ತಂದಿತು. ಅಲ್ಲಿನ ನಾಟಕಕಾರರ ಸಮಾವೇಶಕ್ಕೆ ಆಗಸ್ಟ್ ವಿಲ್ಸನ್ ಹಲವು ಸಲ ಹಸ್ತಪ್ರತಿ ಕಳಿಸಿದ್ದರು, ಹಲವು ಸಲ ಅದು ತಿರಸ್ಕೃತವಾಗಿತ್ತು. 1982ರಲ್ಲಿ ‘ಮಾ ರೇನೀಸ್ ಬ್ಲ್ಯಾಕ್ ಬಾಟಂ’ ಆಯ್ಕೆಯಾಯಿತು. ಅಲ್ಲಿ ನಟರ ಬಾಯಲ್ಲಿ ಕೇಳಿ ತಿದ್ದಿದ ಆ ನಾಟಕ ಎರಡು ವರ್ಷಗಳಲ್ಲಿ ಬ್ರಾಡ್‌ವೇಗೆ ಹೋಯಿತು. ಆಫ್ರಿಕನ್ ಅಮೆರಿಕನ್ ಬದುಕಿನ ಬಹುದೊಡ್ಡ ನಾಟಕಕಾರನೊಬ್ಬ ದೇಶಕ್ಕೆ ಪರಿಚಯವಾದದ್ದು ಹೀಗೆ. ನಮ್ಮಲ್ಲಿ ಮುಂಬೈಯ ರೇಜ್ ತಂಡ ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದ ಜೊತೆಗೂಡಿ ಹೊಸ ನಾಟಕಕಾರರಿಗೆ ಕಾರ್ಯಾಗಾರ ನಡೆಸಿತು. ಅಲ್ಲಿ ಬೆಳೆದ ನಾಟಕಗಳ ‘ರೈಟರ್ಸ್ ಬ್ಲಾಕ್’ ಉತ್ಸವ ಮೊದಲು ನಡೆದದ್ದು 2004ರಲ್ಲಿ.

ಇದೆಲ್ಲ ಹೊರಗಿನಿಂದ ಬಂದ ಹೊಸ ಏರ್ಪಾಡು ಎಂದುಕೊಳ್ಳಬೇಕಾಗಿಲ್ಲ. ಅಗಳಿಯಿಂದ ಶಿರಾ, ತುಮಕೂರು ಹಾದು ಮುಂದೆ ಹೋದರೆ ಗುಬ್ಬಿ ಸಿಗುತ್ತದೆ. 1884ರಲ್ಲಿ ಅಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವನ್ನು ಮುಂದೆ ಗುಬ್ಬಿ ವೀರಣ್ಣನವರು ನಾಡಿನ ದೊಡ್ಡ ಕಂಪನಿಯಾಗಿ ಬೆಳೆಸಿದರು. ಕಂಪನಿ ಎಂದರೆ ಚಲಿಸುವ ಒಂದು ಸಂಸಾರ. ಕ್ಯಾಂಪು ಎಲ್ಲಿ ಬಿದ್ದರೂ ಅಡುಗೆ ಮನೆ ಒಂದೇ. ನಾಯಕ ನಟನೂ ಪರದೆ ಎಳೆಯುವವನೂ ಉಣ್ಣುವುದು ಅದೇ ಒಲೆಯ ಅನ್ನ. ನಾಟಕ ಬರೆಯುವ ‘ಕವಿ’ಯೂ ಆ ಸಂಸಾರಕ್ಕೆ ಸೇರಿದವರು.

ತುಮಕೂರು ಬಳಿಯ ಬೆಳ್ಳಾವೆಯ ನರಹರಿ ಶಾಸ್ತ್ರಿಗಳು ಅಂಥ ಕವಿ. ಗುಬ್ಬಿ ಕಂಪನಿಗೆ ನಾಟಕಗಳನ್ನು ಬರೆದುಕೊಟ್ಟ ಅವರು 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ಗೂ ಸಾಹಿತ್ಯ ಒದಗಿಸಿದರು. ಬಿ. ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಗೆ ‘ಕುರುಕ್ಷೇತ್ರ’ ಬರೆದರು, ಮಹಮದ್ ಪೀರ್ ಅವರ ಚಂದ್ರಕಲಾ ಕಂಪನಿಗೂ ಬರೆದರು. ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಕಥೆ ಇಂದಿಗೂ ಹಳಬರ ಬಾಯಲ್ಲಿದೆ. ಇದೇ ಪುಟ್ಟಸ್ವಾಮಯ್ಯನವರ ಕಾದಂಬರಿ ‘ಕ್ರಾಂತಿ ಕಲ್ಯಾಣ’ಕ್ಕೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಂಪನಿಗೆ ಬರೆದ ಕೈಗೆ ಸಾಹಿತ್ಯ ಒಲಿಯದು ಎಂದವರಿಗೆ ಇದೊಂದೇ ಉತ್ತರ ಸಾಕು.

ಕಂಪನಿಯ ಕವಿಗೆ ತಾನು ಯಾರ ಬಾಯಿಗೆ ಮಾತು ಬರೆಯುತ್ತಿದ್ದೇನೆ ಎಂಬುದು ಗೊತ್ತಿರುತ್ತಿತ್ತು. ಈ ನಟನ ಕಂಠ ಎಷ್ಟು ಮೇಲೇರುತ್ತದೆ, ಆ ನಟಿ ಮೌನವನ್ನು ಎಷ್ಟು ಹೊತ್ತು ಹಿಡಿದಿಡಬಲ್ಲಳು, ಯಾವ ಊರಿನ ಪ್ರೇಕ್ಷಕರು ಯಾವ ಮಾತಿಗೆ ಎದ್ದು ಕೂರುತ್ತಾರೆ ಎಂಬ ತಿಳಿವಳಿಕೆ ಪುಸ್ತಕದಿಂದ ಬರುವುದಲ್ಲ. ‘ಸದಾರಮೆ’ಯ ಕಳ್ಳನ ಪಾತ್ರ ವೀರಣ್ಣನವರ ಹೆಸರಿನೊಂದಿಗೆ ಬೆಸೆದುಕೊಂಡಿದ್ದೂ ಹೀಗೆಯೇ. ರಾತ್ರಿ ರಾತ್ರಿಯೂ ಅವರು ಆಯಾ ಊರಿಗೆ ತಕ್ಕಂತೆ ಮಾತು ಕಟ್ಟುತ್ತಿದ್ದರು. ಬರವಣಿಗೆಗೂ ಅಭಿನಯಕ್ಕೂ ನಡುವೆ ಗೋಡೆ ಇರಲಿಲ್ಲ.

ಆ ಕಂಪನಿ ಬರೆಯುವವರನ್ನಷ್ಟೇ ಸಾಕಲಿಲ್ಲ. ಮನೆ ಬಿಟ್ಟು ಬಂದು ಸೇರಿದ ಮಂಚಿಯ ಹುಡುಗ ಬಿ.ವಿ. ಕಾರಂತರನ್ನು ವೀರಣ್ಣನವರು ಓದಲೆಂದು ಬನಾರಸ್ಸಿಗೆ ಕಳಿಸಿಕೊಟ್ಟರು. ಆ ಹುಡುಗ ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದರು. ಆ ರಂಗಾಯಣದಲ್ಲೇ 2010ರಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿ ಇಡೀ ರಾತ್ರಿಯ ನಾಟಕವಾಯಿತು. ರಂಗರೂಪ ಕೆ.ವೈ. ನಾರಾಯಣಸ್ವಾಮಿ ಅವರದು, ನಿರ್ದೇಶನ ಸಿ. ಬಸವಲಿಂಗಯ್ಯ ಅವರದು. ಬಯಲಿನಲ್ಲಿ ಒಂದು ರಂಗದಿಂದ ಇನ್ನೊಂದಕ್ಕೆ ಪ್ರೇಕ್ಷಕರೇ ಎದ್ದು ನಡೆಯಬೇಕಾದ ಅಂಥ ಪ್ರಯೋಗಕ್ಕೆ ಹಸ್ತಪ್ರತಿಯನ್ನು ಅಂಚೆಯಲ್ಲಿ ಕಳಿಸಿ ಸುಮ್ಮನಾಗಲು ಬರುವುದಿಲ್ಲ. ಸಂಬಳ ಪಡೆಯುವ ಕಾಯಂ ಕಲಾವಿದರು, ತಿಂಗಳುಗಟ್ಟಲೆ ಬಿಡುವು, ತನ್ನದೇ ಬಯಲು ಇದ್ದದ್ದರಿಂದ ಅದು ಸಾಧ್ಯವಾಯಿತು.

ಗಡಿಗುಂಟ ಉತ್ತರಕ್ಕೆ ಹೋದರೆ ಸಿಗುವ ಬಳ್ಳಾರಿಗೂ ಇಂಥದೇ ಚರಿತ್ರೆಯಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ಎರಡು ನಾಟಕ ಸಭೆಗಳಿದ್ದವು. ಧರ್ಮಾವರಂ ಕೃಷ್ಣಮಾಚಾರ್ಯರ ಸರಸ ವಿನೋದಿನೀ ಸಭೆ ಒಂದು, ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭೆ ಇನ್ನೊಂದು. ಇಬ್ಬರೂ ವಕೀಲರು, ಇಬ್ಬರೂ ತಮ್ಮ ತಮ್ಮ ಸಭೆಗೆ ತಾವೇ ನಾಟಕ ಬರೆದವರು. ತೆಲುಗು ಆಧುನಿಕ ನಾಟಕದ ಚರಿತ್ರೆ ಇವರ ಹೆಸರಿಲ್ಲದೆ ಶುರುವಾಗುವುದಿಲ್ಲ. ಕೃಷ್ಣಮಾಚಾರ್ಯರ ಸೋದರಳಿಯನೇ ಬಳ್ಳಾರಿ ರಾಘವ. 1880ರಲ್ಲಿ ತಾಡಪತ್ರಿಯಲ್ಲಿ ಹುಟ್ಟಿ, ತೆಲುಗು, ಕನ್ನಡ, ಇಂಗ್ಲಿಷ್ ರಂಗಗಳಲ್ಲಿ ಒಂದೇ ಅಧಿಕಾರದಿಂದ ನಟಿಸಿ, 1946ರಲ್ಲಿ ತೀರಿಕೊಂಡ ಮಹಾನಟ. ಬೆಂಗಳೂರಿನ ಅಮೆಚ್ಯೂರ್ ಡ್ರಮಾಟಿಕ್ ಅಸೋಸಿಯೇಷನ್ ಜೊತೆಗೂ ಅವರಿಗೆ ನಂಟಿತ್ತು. ಒಂದೇ ಊರಿನಲ್ಲಿ ನಾಟಕಕಾರ, ನಟ, ಸಭೆ ಮೂರೂ ಕೂಡಿದಾಗ ಏನಾಗುತ್ತದೆ ಎಂಬುದಕ್ಕೆ ಬಳ್ಳಾರಿ ಸಾಕ್ಷಿ.

ಆಡಳಿತದ ಗೆರೆಗಳು ಒಂದೊಂದಾಗಿ ಬಂದವು. ಅನಂತಪುರ ಜಿಲ್ಲೆಯನ್ನು ಬಳ್ಳಾರಿಯಿಂದ ಬೇರ್ಪಡಿಸಿದ್ದು 1882ರಲ್ಲಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಉಳಿದವು. ರಾಯದುರ್ಗದ ಕನ್ನಡಿಗರಿಗೆ ತಮ್ಮ ಹಳೆಯ ಜಿಲ್ಲಾ ಕೇಂದ್ರ ಪರರಾಜ್ಯವಾಯಿತು. ಆ ಹೊತ್ತಿನಿಂದ ಈ ಊರುಗಳು ಎರಡೂ ಕಡೆಯ ರಂಗಸಂಸ್ಥೆಗಳ ಪಟ್ಟಿಯ ಅಂಚಿನಲ್ಲಿವೆ.

ಕಂಪನಿಯ ದಿನಗಳಲ್ಲಿ ಎಲ್ಲವೂ ಚೆನ್ನಾಗಿತ್ತು ಎಂದರೆ ಸುಳ್ಳಾದೀತು. ಮಾಲೀಕನಿಗೆ ತಕ್ಕ ಪಾತ್ರ ಇರಲೇಬೇಕು, ಗಲ್ಲಾ ತುಂಬುವ ಹಾಸ್ಯ ಇರಲೇಬೇಕು. ಹಸ್ತಪ್ರತಿ ಕಂಪನಿಯ ಸೊತ್ತು, ಬರೆದವರ ಹೆಸರು ಎಷ್ಟೋ ಸಲ ಕರಪತ್ರದಲ್ಲೇ ಇಲ್ಲ. ಇದರ ಇನ್ನೊಂದು ತುದಿಯಲ್ಲಿ ನಾಟಕಕಾರ ಸಂಸ ಇದ್ದಾರೆ. 1898ರಲ್ಲಿ ಅಗರದಲ್ಲಿ ಹುಟ್ಟಿದ ಅವರು ಮೈಸೂರು ಅರಸರ ಚರಿತ್ರೆಯ ಮೇಲೆ 23 ನಾಟಕ ಬರೆದರೆಂದು ಹೇಳುತ್ತಾರೆ. ನಮಗೆ ಉಳಿದದ್ದು ಆರು. ‘ವಿಗಡ ವಿಕ್ರಮರಾಯ’ ಬರೆದ ಆ ಪ್ರತಿಭೆಯ ಬೆನ್ನಿಗೆ ಯಾವ ತಂಡವೂ ಇರಲಿಲ್ಲ. ಊರಿಂದೂರಿಗೆ ಅಲೆದು, ಭಯ ಸಂಶಯಗಳಲ್ಲಿ ಬೆಂದು, 1939ರಲ್ಲಿ ಅವರು ತಮ್ಮ ಜೀವವನ್ನು ತಾವೇ ಕೊನೆಗೊಳಿಸಿಕೊಂಡರು. ಹಸ್ತಪ್ರತಿಗಳನ್ನು ಜೋಪಾನ ಮಾಡುವ ಒಂದು ಕಪಾಟು, ಓದಿ ಕೇಳಿಸುವ ನಾಲ್ಕು ಜನ ನಟರು ಸಿಕ್ಕಿದ್ದರೆ ಕನ್ನಡಕ್ಕೆ ಎಷ್ಟು ನಾಟಕಗಳು ಉಳಿಯುತ್ತಿದ್ದವೋ.

ಕನ್ನಡದ ನಾಟಕಕಾರರೊಬ್ಬರಿಗೆ ಇಂಥ ಆಸರೆ ಪೂರ್ತಿಯಾಗಿ ಸಿಕ್ಕ ಉದಾಹರಣೆ ಗಿರೀಶ ಕಾರ್ನಾಡರದು. ಅದಕ್ಕೂ ಮೊದಲ ಬುನಾದಿ ಧಾರವಾಡದಲ್ಲಿತ್ತು. ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆಯ ಅಟ್ಟದಲ್ಲಿ ಹೊಸ ಬರಹ ಓದಿದವರಿಗೆ ಕೀರ್ತಿನಾಥ ಕುರ್ತಕೋಟಿಯವರಂಥ ಕೇಳುಗರು ಸಿಗುತ್ತಿದ್ದರು. ಕನ್ನಡದಲ್ಲಿ ಗಟ್ಟಿಯಾದ ಐತಿಹಾಸಿಕ ನಾಟಕವಿಲ್ಲ ಎಂಬ ಕುರ್ತಕೋಟಿಯವರ ಮಾತೇ ತಮ್ಮನ್ನು ಇತಿಹಾಸದ ಕಡೆ ತಿರುಗಿಸಿತು ಎಂದು ಕಾರ್ನಾಡರು ಹೇಳಿಕೊಂಡಿದ್ದಾರೆ. 1964ರಲ್ಲಿ ಬಂದ ‘ತುಘಲಕ್’ ಅದರ ಫಲ.

1987–88ರಲ್ಲಿ ಕಾರ್ನಾಡರು ಷಿಕಾಗೋ ವಿಶ್ವವಿದ್ಯಾಲಯಕ್ಕೆ ಹೋದರು. ಫುಲ್‌ಬ್ರೈಟ್ ನೆರವಿನಲ್ಲಿ ನಾಟಕಕಾರರಾಗಿಯೇ ಅಲ್ಲಿ ಇರುವ ಅವಕಾಶವದು. ಎ.ಕೆ. ರಾಮಾನುಜನ್ ಅಲ್ಲೇ ಇದ್ದರು. ರಾಮಾನುಜನ್ ಅವರಿಂದ ಕೇಳಿದ್ದ ಎರಡು ಜನಪದ ಕಥೆಗಳು ‘ನಾಗಮಂಡಲ’ವಾದವು. 1993ರಲ್ಲಿ ಮಿನಿಯಾಪೊಲಿಸ್ ನಗರದ ಗುತ್ರಿ ರಂಗಮಂದಿರ ತನ್ನ ಮೂವತ್ತನೆಯ ವರ್ಷದ ಸಂಭ್ರಮಕ್ಕೆ ಆ ನಾಟಕವನ್ನು ಆಡಿತು. ಆಮೇಲೆ ಗುತ್ರಿಯವರೇ ಹೊಸ ನಾಟಕವೊಂದನ್ನು ಬರೆದುಕೊಡಿ ಎಂದು ಕೇಳಿದರು.

ಆಗ ಹುಟ್ಟಿದ್ದು ‘ಅಗ್ನಿ ಮತ್ತು ಮಳೆ’. ಮಹಾಭಾರತದ ವನಪರ್ವದಲ್ಲಿ ಬರುವ ಯವಕ್ರೀತನ ಕಥೆಯನ್ನು ಕಾರ್ನಾಡರು ವಿದ್ಯಾರ್ಥಿಯಾಗಿದ್ದಾಗ ರಾಜಾಜಿಯವರ ಪುಸ್ತಕದಲ್ಲಿ ಓದಿದ್ದರು. ದಶಕಗಳ ಕಾಲ ಅದು ಅವರ ತಲೆಯಲ್ಲೇ ಇತ್ತು. ತಂಡವೊಂದು ಕೇಳಿತು, ಗಡುವು ಕೊಟ್ಟಿತು, ವೃತ್ತಿಪರ ನಟರನ್ನು ಎದುರಿಗೆ ಕೂರಿಸಿ ಕಾರ್ಯಾಗಾರ ನಡೆಸಿತು. ಅಷ್ಟು ವರ್ಷ ಕಾದಿದ್ದ ವಸ್ತುವಿಗೆ ಅಂಕ, ದೃಶ್ಯಗಳ ಮೈ ಬಂತು. ಮಿನಿಯಾಪೊಲಿಸ್‌ನ ನಟರಿಂದ ಲಾಭವಾದದ್ದು ಕನ್ನಡಕ್ಕೆ.

ಇನ್ನು ಅಗಳಿಯ ಮಾತು. ಇಲ್ಲಿ ಬರೆಯಲು ವಸ್ತುವಿಗೆ ಬರವಿಲ್ಲ. ಮಳೆ ಕೈಕೊಡುವ ಸೀಮೆ, ಕಡಲೆಕಾಯಿ, ರೇಷ್ಮೆ ನಂಬಿದ ಬದುಕು, ಬೆಂಗಳೂರಿನ ಕೂಲಿಗೆ ಹೊರಡುವ ಮನೆಗಳು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ನೌಕರಿ ಹುಡುಕುವಾಗ ಮತ್ತೊಂದು ಭಾಷೆ ಎಂದು ಬೆಳೆಯುವ ಮಕ್ಕಳು. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ಯಾವ ರಾಜ್ಯ ತನ್ನವಳೆಂದು ಕೆಲಸ ಕೊಡಬೇಕು ಎಂಬ ಪ್ರಶ್ನೆಯೊಂದೇ ಇಡೀ ನಾಟಕಕ್ಕೆ ಸಾಕು. ಆಚೆ ಧರ್ಮಾವರದ ಬಳಿ ನಿಮ್ಮಲಕುಂಟದಲ್ಲಿ ತೊಗಲುಗೊಂಬೆಯಾಟದ ಕುಟುಂಬಗಳಿವೆ, ಈಚೆ ಶಿರಾ ಸೀಮೆಯಲ್ಲಿ ಹಾರ್ಮೋನಿಯಂ ಮೇಷ್ಟ್ರುಗಳಿದ್ದಾರೆ. ಎರಡು ಭಾಷೆ ಬೆರೆತ ಇಲ್ಲಿನ ಆಡುಮಾತನ್ನು ಬೆಂಗಳೂರಿನ ಕೋಣೆಯಲ್ಲಿ ಕೂತು ಊಹಿಸಿ ಬರೆಯಲಾಗದು. ಇಲ್ಲಿ ಬಂದು ಇರಬೇಕು.

ಇರಿಸಿಕೊಳ್ಳುವ ತಂಡ ಯಾವುದು ಎಂಬ ಪ್ರಶ್ನೆಗೂ ಉತ್ತರ ದೂರವಿಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ಶಿವಕುಮಾರ ಕಲಾಸಂಘವಿದೆ. ಅದರ ಶಿವಸಂಚಾರ ತಂಡ 1997ರಿಂದ ವರ್ಷ ವರ್ಷವೂ ನಾಟಕಗಳನ್ನು ಹೊತ್ತು ತಿರುಗುತ್ತಿದೆ. ಹೆಗ್ಗೋಡಿನ ನೀನಾಸಮ್ ತಿರುಗಾಟ 1985ರಲ್ಲೇ ಶುರುವಾಯಿತು. ಹಳ್ಳಿಯೊಂದರಲ್ಲಿ ಕೂತು ನಾಡಿಗೆ ನಾಟಕ ಕೊಡಬಹುದೆಂದು ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರು ತೋರಿಸಿ ಆಗಿದೆ. ಇಂಥ ತಿರುಗುವ ತಂಡದ ಐದಾರು ನಟರು ತಿರುಗಾಟದ ನಡುವೆ ಎರಡು ವಾರ ಅಗಳಿಯಲ್ಲಿ ಬೀಡುಬಿಟ್ಟರೆ, ಅಷ್ಟರಲ್ಲಿ ಅಲ್ಲೇ ನೆಲೆಸಿ ಬರೆಯುತ್ತಿರುವ ನಾಟಕಕಾರರಿಗೆ ಬೇಕಾದ ಬಾಯಿ, ಮೈ ಎರಡೂ ಸಿಗುತ್ತವೆ. ಊರಿನ ‘ಕುರುಕ್ಷೇತ್ರ’ದ ಪಾತ್ರಧಾರಿಗಳೂ ಆ ಓದಿನಲ್ಲಿ ಕೂರಬೇಕು. ಹೊಸ ಮಾತು ತಮ್ಮ ಸೀಮೆಯದೋ ಅಲ್ಲವೋ ಎಂದು ಹೇಳಬಲ್ಲವರು ಅವರೇ.

ಹಣದ ದಾರಿಯೂ ಇದೆ. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಇರುವುದೇ ಗಡಿಯ ಕನ್ನಡಕ್ಕಾಗಿ. ಕರ್ನಾಟಕ ನಾಟಕ ಅಕಾಡೆಮಿಯಿದೆ, ಬೆಂಗಳೂರಿನಲ್ಲಿ ಕಲೆಗೆ ನೆರವು ಕೊಡುವ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ಇದೆ. ಗಡಿನಾಡ ಉತ್ಸವವೆಂದರೆ ಒಂದು ಸಂಜೆಯ ಶಾಮಿಯಾನ, ಭಾಷಣ, ಶಾಲು, ಹಾರ. ಅಂಥ ಒಂದು ಸಂಜೆಗೆ ಹೋಗುವ ಹಣದಲ್ಲಿ ನಾಟಕಕಾರರೊಬ್ಬರು ಹಲವು ವಾರ ಊರಲ್ಲಿದ್ದು ಬರೆಯಬಹುದು. ಶಾಮಿಯಾನ ಬಿಚ್ಚಿದ ಮೇಲೆ ಊರಿಗೆ ಏನು ಉಳಿಯಿತು ಎಂದು ಕೇಳುವ ಹಕ್ಕು ಅಗಳಿಯವರಿಗಿದೆ.

ಕರಾರು ಮಾತ್ರ ಮೊದಲೇ ಬರವಣಿಗೆಯಲ್ಲಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕೃತಿಯ ಮೊದಲ ಒಡೆಯ ಬರೆದವರೇ. ಆದರೆ ಸಂಬಳದ ನೌಕರಿಯ ಭಾಗವಾಗಿ ಬರೆದದ್ದಾದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಹಕ್ಕು ನೌಕರಿ ಕೊಟ್ಟವರಿಗೆ ಹೋಗುತ್ತದೆ. ಆದ್ದರಿಂದ ಕೊಡುವುದು ಸಂಭಾವನೆಯೇ ಹೊರತು ಸಂಬಳವಲ್ಲ, ನಾಟಕ ಬರೆದವರದೇ, ತಂಡಕ್ಕೆ ಮೊದಲ ಪ್ರಯೋಗದ ಹಕ್ಕು ಮಾತ್ರ ಎಂದು ಸ್ಪಷ್ಟವಾಗಿ ನಮೂದಿಸಬೇಕು. ಇಂಥ ಅಧಿಕಾರಿ, ಇಂಥ ಮುಖಂಡ ಮೆಚ್ಚುವಂತೆ ಬರೆಯಬೇಕೆಂಬ ಷರತ್ತು ಎಲ್ಲೂ ನುಸುಳಬಾರದು. ಕಂಪನಿಯ ಅನ್ನದ ಗುಣ ಬೇಕು, ಕಂಪನಿ ಮಾಲೀಕನ ಕತ್ತರಿ ಬೇಡ.

ಮೊದಲ ವರ್ಷಕ್ಕೆ ದೊಡ್ಡ ಏರ್ಪಾಡು ಏನೂ ಬೇಡ. ಬೇಸಿಗೆ ರಜೆಯಲ್ಲಿ ಖಾಲಿ ಇರುವ ಕನ್ನಡ ಶಾಲೆಯ ಒಂದು ಕೋಣೆ, ಊಟಕ್ಕೆ ಸರದಿಯ ಮನೆಗಳು, ಎರಡು ವಾರಕ್ಕೆ ಬಂದಿಳಿಯುವ ನಟರು, ಎರಡೂ ಭಾಷೆ ಬಲ್ಲ ಊರಿನ ಒಬ್ಬ ಸಂಚಾಲಕ. ನಾಟಕಕಾರರನ್ನು ಆರಿಸುವಾಗ ಮಡಕಶಿರಾ, ರಾಯದುರ್ಗದ ಕನ್ನಡ ಮನೆಗಳಿಂದ ಬಂದ ಹೊಸಬರಿಗೆ ಮೊದಲ ಆದ್ಯತೆ ಇರಲಿ. ಅಂಥವರು ಸಿಗದಿದ್ದರೆ ಶಿರಾ, ಪಾವಗಡ, ಮೊಳಕಾಲ್ಮೂರು, ಬಳ್ಳಾರಿಯವರು ಬರಲಿ. ಕೊನೆಯ ದಿನ ಶಾಲೆಯ ಅಂಗಳದಲ್ಲಿ ಊರವರೆದುರು ಓದು ನಡೆಯಲಿ, ಓದಿದ ಮೇಲೆ ಊರು ಹೇಳಿದ್ದನ್ನು ಯಾರಾದರೂ ಕೂತು ಬರೆದುಕೊಳ್ಳಲಿ. ಗಡಿ ಪ್ರಾಧಿಕಾರ ಮುಂದಿನ ವರ್ಷದ ಕ್ರಿಯಾಯೋಜನೆ ಸಿದ್ಧಪಡಿಸುವಾಗ ಅಗಳಿಯ ಹೆಸರಿನಲ್ಲಿ ಇಷ್ಟಕ್ಕೆ ಒಂದು ಸಾಲು ಸೇರಿಸಬೇಕು, ಅದನ್ನು ಸೇರಿಸಿ ಎಂದು ಕೇಳುವ ಅರ್ಜಿ ಊರಿನಿಂದಲೇ ಹೋಗಬೇಕು.